ಗಾಳಿಯನ್ನೇ ನಂಬಿದ ಕಾರು: ಹಳೆಯ ಬೀಟಲ್ ಮತ್ತೆ ರಸ್ತೆಗಿಳಿಯುವ ಬಗೆ

ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಹಿಂದಿನ ಮುಚ್ಚಳ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದು ಎಂಜಿನ್ ಅಲ್ಲ, ತಗಡು. ನಡುವೆ ಕಮಾನಿನಂತೆ ಬಾಗಿದ ದೊಡ್ಡ ಕಪ್ಪು ಡಬ್ಬಿ, ಅದರ ಎರಡೂ ಬದಿಗೆ ಚಾಚಿದ ತಗಡಿನ ಹಾಳೆಗಳು, ಅಂಚಿನ ಸುತ್ತ ರಬ್ಬರ್ ಪಟ್ಟಿ. ಎಂಜಿನ್ನಿನ ಬಹುಪಾಲು ಈ ತಗಡಿನ ಕೆಳಗೆ ಅಡಗಿರುತ್ತದೆ. ರೇಡಿಯೇಟರ್ ಇರುವ ಗಾಡಿಗಳ ನಡುವೆ ಬೆಳೆದ ಮೆಕ್ಯಾನಿಕ್‌ಗೆ ಇದೆಲ್ಲ ಅಡ್ಡಿ ಅನಿಸುತ್ತದೆ. ಸ್ಪ್ಯಾನರ್ ಹೋಗುವಷ್ಟು ಜಾಗ ಇಲ್ಲವೆಂದು ಒಂದೊಂದೇ ಬಿಚ್ಚಿ ಮೂಲೆಗೆ ಹಾಕುತ್ತಾನೆ. ಗಾಡಿ ಸ್ಟಾರ್ಟ್ ಆಗುತ್ತದೆ, ಓಡುತ್ತದೆ, ಎಲ್ಲರಿಗೂ ಖುಷಿ. ಕೆಲವು ತಿಂಗಳು ಕಳೆದು ಒಂದು ದಿನ ಘಾಟಿಯಲ್ಲಿ ಠಣ್ ಎಂದು ಸದ್ದಾಗಿ ಎಂಜಿನ್ ನಿಂತುಬಿಡುತ್ತದೆ.

ನಮ್ಮ ಸೋದರಮಾವನ 1966ರ ಬೀಟಲ್ 1300 ನಿಂತಿದ್ದು ಹೀಗೆಯೇ. ಮೂಡಿಗೆರೆ ಕಡೆಯ ಕಾಫಿ ತೋಟದ ಷೆಡ್ಡಿನಲ್ಲಿ ಅದು ಎಷ್ಟು ಮಳೆಗಾಲ ಕಂಡಿತ್ತೋ. ಎಂಜಿನ್ ಇಳಿಸಿ ಬಿಚ್ಚಿದಾಗ ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವಿನ ತಲೆ ಮುರಿದು ಪಿಸ್ಟನ್ನಿನೊಳಗೆ ನಾಟಿಕೊಂಡಿತ್ತು. ಬದಿಯ ತಗಡುಗಳು ಇರಲಿಲ್ಲ, ಸುತ್ತಲಿನ ರಬ್ಬರೂ ಇರಲಿಲ್ಲ. ಯಾವತ್ತೋ ಯಾವುದೋ ಗ್ಯಾರೇಜಿನಲ್ಲಿ ಬಿಚ್ಚಿದ್ದು ಮತ್ತೆ ಕೂರಲೇ ಇಲ್ಲ. ಆ ಕಾರನ್ನು ಎಬ್ಬಿಸುವ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು: ಬೀಟಲ್ ಗಾಳಿಯ ಸುತ್ತ ಕಟ್ಟಿದ ಕಾರು, ಅದರ ಎಂಜಿನ್ನನ್ನು ತಣಿಸುವುದು ನೀರಲ್ಲ, ಗಾಳಿ. ಗಾಳಿ ಎಲ್ಲಿಂದ ಬಂತು, ಎಲ್ಲಿ ಹೋಯಿತು ಎಂದು ಬೆರಳಿಟ್ಟು ತೋರಿಸಲು ಬಂದರೆ ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬಹುದು, ಯಾವ ಅಲಂಕಾರ ಬೇಡ ಎಂಬುದು ತಾನಾಗಿ ತಿಳಿಯುತ್ತದೆ.

ಆ ದಾರಿಯನ್ನು ಮೊದಲು ನೋಡೋಣ. ಹಿಂದಿನ ಗಾಜಿನ ಕೆಳಗಿರುವ ಸೀಳುಗಳಿಂದ ತಣ್ಣನೆಯ ಗಾಳಿ ಎಂಜಿನ್ ಗೂಡಿನೊಳಗೆ ಬರುತ್ತದೆ. ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ ಶಾಫ್ಟಿನ ತುದಿಗೇ ಕೂರಿಸಿದ ಫ್ಯಾನ್ ಅದನ್ನು ಎಳೆದುಕೊಂಡು ಆ ಕಮಾನಿನ ಡಬ್ಬಿಯೊಳಗೆ ತಳ್ಳುತ್ತದೆ. ಅಲ್ಲಿಂದ ಗಾಳಿ ಎಡಕ್ಕೂ ಬಲಕ್ಕೂ ಒಡೆದು ಸಿಲಿಂಡರುಗಳ ಹೊರಮೈಯ ಲೋಹದ ರೆಕ್ಕೆಗಳ ನಡುವೆ ಇಳಿದು, ಬಿಸಿಯನ್ನು ಹೊತ್ತುಕೊಂಡು ಕಾರಿನ ಅಡಿಗೆ ಹೋಗಿಬಿಡುತ್ತದೆ. ಮೇಲೆ ತಣ್ಣನೆಯ ಗಾಳಿ, ಕೆಳಗೆ ಬಿಸಿಗಾಳಿ. ಎರಡೂ ಬೆರೆಯದಂತೆ ತಡೆಯುವುದು ಅದೇ ತಗಡು, ಅದೇ ರಬ್ಬರ್ ಪಟ್ಟಿ. ರಬ್ಬರ್ ಕಿತ್ತರೆ ಕೆಳಗಿನ ಬಿಸಿಗಾಳಿ ಮೇಲೆದ್ದು ಮತ್ತೆ ಫ್ಯಾನಿನ ಬಾಯಿಗೇ ಬೀಳುತ್ತದೆ. ಕುದಿಯುವ ನೀರಿನಿಂದ ಒಲೆ ಆರಿಸಲು ಹೋದ ಹಾಗೆ.

ಇನ್ನೊಂದು ಕವಲೂ ಇದೆ. ಡಬ್ಬಿಯಿಂದ ಎರಡು ಕೊಳವೆಗಳು ಹೊರಟು ಎಕ್ಸಾಸ್ಟ್ ಪೈಪಿನ ಸುತ್ತಲಿನ ಹೀಟ್ ಎಕ್ಸ್‌ಚೇಂಜರಿಗೆ ಹೋಗುತ್ತವೆ. ಅಲ್ಲಿ ಬಿಸಿಯಾದ ಗಾಳಿ ಬಾಗಿಲುಗಳ ಕೆಳಗೆ ಉದ್ದಕ್ಕೂ ಓಡುವ ಟೊಳ್ಳು ಪೆಟ್ಟಿಗೆಯೊಳಗೆ ಸಾಗಿ ಕಾಲಿನ ಬಳಿಗೂ ಮುಂದಿನ ಗಾಜಿಗೂ ಬರುತ್ತದೆ. ಈ ಪೆಟ್ಟಿಗೆಗೆ ಹೀಟರ್ ಚಾನೆಲ್ ಎನ್ನುತ್ತಾರೆ. ಈ ಹೆಸರು ನೆನಪಿರಲಿ, ಬೀಟಲ್ ಕೊಳ್ಳುವವರನ್ನು ಹೆಚ್ಚಾಗಿ ಅಳಿಸುವುದು ಇದೇ.

ಎರಡು ಕೋಟಿಯಲ್ಲಿ ಒಂದು

ಈ ಕಾರಿನ ಕತೆ ಚುಟುಕಾಗಿ. ಫರ್ಡಿನಾಂಡ್ ಪೋರ್ಷೆ 1930ರ ದಶಕದಲ್ಲಿ ರೂಪಿಸಿದ್ದು, ಹಿಟ್ಲರನ ಸರ್ಕಾರ 1938ರಲ್ಲಿ ಕಾರ್ಖಾನೆಗೆ ಅಡಿಗಲ್ಲು ಹಾಕಿತು. ಯುದ್ಧ ಮುಗಿದ ಮೇಲೆ, 1945ರಲ್ಲಿ, ವೋಲ್ಫ್ಸ್‌ಬುರ್ಗ್ ಎಂದು ಹೊಸ ಹೆಸರು ಪಡೆದ ಆ ಊರಿನಲ್ಲಿ ಬಾಂಬಿಗೆ ತುತ್ತಾಗಿದ್ದ ಕಾರ್ಖಾನೆಯನ್ನು ಮತ್ತೆ ನಡೆಸಿದವನು ಬ್ರಿಟಿಷ್ ಸೇನೆಯ ಮೇಜರ್ ಐವನ್ ಹರ್ಸ್ಟ್. 1972ರ ಫೆಬ್ರುವರಿಯಲ್ಲಿ ಬೀಟಲ್ ಫೋರ್ಡ್ ಮಾಡೆಲ್ ಟಿ ಕಾರಿನ ತಯಾರಿಕೆಯ ದಾಖಲೆ ಮುರಿಯಿತು. ಕೊನೆಯ ಬೀಟಲ್ 2003ರ ಜುಲೈ 30ರಂದು ಮೆಕ್ಸಿಕೋದ ಪ್ಯೂಬ್ಲಾದಲ್ಲಿ ಹೊರಬಿತ್ತು. ಒಟ್ಟು ಸಂಖ್ಯೆ 2,15,29,464.

ರಿಪೇರಿ ಮಾಡುವವನಿಗೆ ಈ ಕೊನೆಯ ಅಂಕಿಯೇ ದೊಡ್ಡ ವರ. ಇಷ್ಟು ತಯಾರಾದ ಕಾರಿಗೆ ಬಿಡಿಭಾಗ ಸಿಗದೆ ಹೋಗುವುದಿಲ್ಲ. ಮಡ್‌ಗಾರ್ಡ್‌ನಿಂದ ಹಿಡಿದು ಗ್ಲೋವ್ ಬಾಕ್ಸಿನ ಗುಂಡಿಯವರೆಗೆ ಇವತ್ತಿಗೂ ಹೊಸದಾಗಿ ಮಾಡುತ್ತಾರೆ. ಆದರೆ ಸಿಗುತ್ತದೆ ಎಂಬುದೂ ಸರಿಯಾಗಿ ಕೂರುತ್ತದೆ ಎಂಬುದೂ ಬೇರೆ ಬೇರೆ. ಈಗ ಬರುವ ಮಡ್‌ಗಾರ್ಡ್‌ಗಳ ತಗಡು ತೆಳು, ತೂತುಗಳು ಅಲ್ಲೊಂದು ಇಲ್ಲೊಂದು. ಜಜ್ಜಿಹೋದ ಹಳೆಯ ಮಡ್‌ಗಾರ್ಡನ್ನೇ ಒಳ್ಳೆಯ ಟಿಂಕರ್ ಕೈಗೆ ಕೊಟ್ಟು ತಟ್ಟಿಸಿ ನೇರ ಮಾಡಿಸುವುದು ಬಹಳ ಸಲ ಲೇಸು. ಗುಜರಿಗೆ ಕೊಡುವ ಮೊದಲು ಎರಡು ಸಲ ಯೋಚಿಸಿ.

ಕೆಲಸ ಶುರುಮಾಡುವ ಮೊದಲು ನಿಮ್ಮ ಕಾರು ಯಾವುದು ಎಂದು ಖಚಿತ ಮಾಡಿಕೊಳ್ಳಿ. ಹಿಂದಿನ ಸೀಟು ಎತ್ತಿದರೆ ನಡುವಿನ ಸುರಂಗದ ಮೇಲೆ ಚಾಸಿ ನಂಬರ್ ಒತ್ತಿರುತ್ತದೆ. 1965ರ ಮಾಡೆಲ್‌ನಿಂದ ಮುಂದಕ್ಕೆ ಆ ಸಂಖ್ಯೆಯ ಮೂರನೇ ಅಂಕಿ ಮಾಡೆಲ್ ವರ್ಷವನ್ನು ಹೇಳುತ್ತದೆ. ಮಾವನ ಕಾರಿನದು 116 ಎಂದು ಶುರುವಾಗುತ್ತದೆ, ಅಂದರೆ 1966ರ ಮಾಡೆಲ್. ಎಂಜಿನ್ ನಂಬರ್ ಡೈನಮೊ ಕೂರುವ ಪೀಠದ ಕೆಳಗೆ. ವೋಲ್ಫ್ಸ್‌ಬುರ್ಗಿನ ಆಟೋಮ್ಯೂಸಿಯಂಗೆ ಚಾಸಿ ನಂಬರ್ ಕೊಟ್ಟು ಶುಲ್ಕ ಕಟ್ಟಿದರೆ ಕಾರಿನ ಜನನಪತ್ರವನ್ನೇ ಕೊಡುತ್ತಾರೆ: ಯಾವ ದಿನ ತಯಾರಾಯಿತು, ಯಾವ ಬಣ್ಣ, ಯಾವ ದೇಶಕ್ಕೆ ಹೊರಟಿತು. ಬಣ್ಣಕ್ಕೆ ಮುಂದೆ ಎಲ್ ಇರುವ ಸಂಕೇತ ಸಂಖ್ಯೆ ಇರುತ್ತದೆ. ಎಲ್ 41 ಕಪ್ಪು, ಎಲ್ 87 ಮುತ್ತಿನ ಬಿಳಿ, ಎಲ್ 456 ಮಾಣಿಕ್ಯದ ಕೆಂಪು. ಮೂರು ಸಲ ಬಣ್ಣ ಬದಲಾದ ಕಾರಿನಲ್ಲೂ ಡ್ಯಾಷ್‌ಬೋರ್ಡಿನ ಹಿಂಭಾಗದಲ್ಲೋ, ಮುಂಭಾಗದಲ್ಲಿರುವ ಡಿಕ್ಕಿಯ ರಟ್ಟಿನ ಹೊದಿಕೆಯ ಹಿಂದೆಯೋ ಹುಟ್ಟುಬಣ್ಣ ಒಂದಂಗೈ ಅಗಲವಾದರೂ ಉಳಿದಿರುತ್ತದೆ. ನಮಗೆ ಸಿಕ್ಕಿದ್ದು ಸ್ಟೆಪ್ನಿ ಗುಂಡಿಯ ಹಿಂದೆ, ಮುತ್ತಿನ ಬಿಳಿ. ಮಾವನ ನೆನಪಿನಲ್ಲಿ ಕಾರು ಯಾವಾಗಲೂ ನೀಲಿಯೇ ಆಗಿತ್ತು.

ಥಳಕು ಮತ್ತು ಹುಳುಕು

ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು ಎಂಬ ಮಾತು ಹಳೆಯ ಕಾರು ಮಾರುವ ಜಾಗದಲ್ಲಿ ಹುಟ್ಟಿರಬೇಕು ಎನ್ನುವಷ್ಟು ಇಲ್ಲಿಗೆ ಒಪ್ಪುತ್ತದೆ. ಬೀಟಲ್ ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇರಲಿ, ಫ್ರಿಜ್ ಬಾಗಿಲಿಗೆ ಅಂಟಿಸುವಂಥದ್ದು ಸಾಕು. ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲಿನ ಕೆಳಗಿನ ಅಂಚಿನುದ್ದಕ್ಕೂ ಸವರುತ್ತ ಹೋಗಿ. ಕಬ್ಬಿಣ ಇದ್ದಲ್ಲಿ ಕೈಯನ್ನು ಹಿಡಿದೆಳೆಯುತ್ತದೆ, ಪುಟ್ಟಿ ಇದ್ದಲ್ಲಿ ಜಾರಿ ಬೀಳುತ್ತದೆ. ನಮ್ಮ ಕಾರಿನ ಬಲಗಡೆ ಅದು ಎರಡು ಗೇಣಿನಷ್ಟು ದೂರ ಎಲ್ಲೂ ಹಿಡಿಯಲಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ತಟ್ಟಿದಾಗ ಪುಟ್ಟಿ ಹಪ್ಪಳದಂತೆ ಎದ್ದುಬಂತು. ಅದರ ಹಿಂದೆ ಹಾಳೆಗೆ ಹಾಳೆ ಮಡಚಿ ತುರುಕಿದ ಹಳೆಯ ದಿನಪತ್ರಿಕೆ, ಅದರಾಚೆ ಖಾಲಿ. ಹೀಟರ್ ಚಾನೆಲ್ ಅಲ್ಲಿ ಇರಲೇ ಇಲ್ಲ.

ಇದೇಕೆ ಇಷ್ಟು ಗಂಭೀರ? ಬೀಟಲ್‌ಗೆ ನಾವು ಅಂದುಕೊಳ್ಳುವ ಥರದ ಏಣಿಯಂಥ ಚಾಸಿ ಇಲ್ಲ. ನಡುವೆ ಬೆನ್ನುಮೂಳೆಯಂತೆ ಒಂದು ಸುರಂಗ, ಅದರ ಎರಡು ಬದಿಗೆ ತಗಡಿನ ನೆಲ. ಇದರ ಮೇಲೆ ಬಾಡಿಯನ್ನು ಬೋಲ್ಟ್ ಹಾಕಿ ಬಿಗಿಯುತ್ತಾರೆ. ಹಾಗೆ ಬಿಗಿದಾಗ ಎರಡೂ ಅಂಚಿಗೆ ಬಲ ಕೊಡುವುದು ಬಾಡಿಯ ಭಾಗವೇ ಆದ ಈ ಟೊಳ್ಳು ಪೆಟ್ಟಿಗೆ. ಅಂದರೆ ಬಿಸಿಗಾಳಿಯ ಕೊಳವೆಯೂ ಅದೇ, ಕಾರಿನ ಪಕ್ಕೆಲುಬೂ ಅದೇ. ಒಳಗೆ ಬೆಚ್ಚನೆಯ ತೇವ, ಹೊರಗೆ ಚಕ್ರ ಎರಚುವ ಕೆಸರು ನೀರು. ಎರಡೂ ಕಡೆಯಿಂದ ತುಕ್ಕು ತಿನ್ನುತ್ತದೆ.

ನಾವು ಮೊದಲು ಗಮನಿಸಿದ್ದು ಬಾಗಿಲು ಸರಿಯಾಗಿ ಹಾಕಿಕೊಳ್ಳುವುದಿಲ್ಲ ಎಂಬುದನ್ನು. ಸ್ವಲ್ಪ ಮೇಲೆತ್ತಿ ತಳ್ಳಬೇಕಿತ್ತು. ಹಿಂಜ್ ಸವೆದಿದೆ ಎಂದುಕೊಂಡೆವು. ನಲವತ್ತು ವರ್ಷದಿಂದ ತಗಡು ಬಡಿಯುತ್ತಿರುವ ಟಿಂಕರ್ ಮೇಸ್ತ್ರಿ ಒಮ್ಮೆ ನೋಡಿ, “ಸಾರ್, ಬಾಗ್ಲು ಜೋತುಬಿದ್ದಿಲ್ಲ. ಬಾಡಿನೇ ಬಗ್ಗಿದೆ. ಹಿಂಜ್ ನೋಡ್ಬೇಡಿ, ಕೆಳಗ್ ನೋಡಿ” ಎಂದರು. ಚಾನೆಲ್ ಕೊಳೆತಾಗ ಕಾರು ನಡುವೆ ಕುಸಿಯುತ್ತದೆ, ಬಾಗಿಲಿನ ಚೌಕಟ್ಟು ಓರೆಯಾಗುತ್ತದೆ. ಬಾಗಿಲಿನ ಸಂದು ಮೇಲಿಂದ ಕೆಳಗಿನವರೆಗೆ ಒಂದೇ ಅಗಲ ಇದೆಯೇ ಎಂದು ನೋಡಿದರೆ ಅರ್ಧ ಪರೀಕ್ಷೆ ಮುಗಿದಂತೆ.

ಇದನ್ನು ಸರಿಮಾಡುವಾಗ ನಡೆಯುವ ದೊಡ್ಡ ತಪ್ಪು ಒಂದಿದೆ. ಬಾಡಿಯನ್ನು ಮೇಲೆತ್ತಿ ಪಕ್ಕಕ್ಕಿಟ್ಟು, ಕೊಳೆತ ಚಾನೆಲ್ ಕತ್ತರಿಸಿ ಹೊಸದನ್ನು ಬೆಸೆದುಬಿಡುತ್ತಾರೆ. ಪಕ್ಕೆಲುಬು ಇಲ್ಲದ ಬಾಡಿ ತನ್ನ ಭಾರಕ್ಕೇ ಅಗಲವಾಗಿ ಹರಡಿಕೊಳ್ಳುತ್ತದೆ, ಮತ್ತೆ ನೆಲದ ಮೇಲೆ ಕೂರಿಸಲು ಹೋದಾಗ ಬೋಲ್ಟಿನ ತೂತುಗಳು ಒಂದಕ್ಕೊಂದು ಸೇರುವುದಿಲ್ಲ. ಸರಿಯಾದ ಕ್ರಮ ಬೇರೆ. ಬಾಗಿಲು ಸರಿಯಾಗಿ ಕೂರುವಂತೆ ಜ್ಯಾಕ್ ಕೊಟ್ಟು ನೇರ ಮಾಡಿ, ಚೌಕಟ್ಟಿನೊಳಗೆ ಅಡ್ಡಡ್ಡ ಚೌಕ ಪೈಪು ಬೆಸೆದು ಆಕಾರವನ್ನು ಹಿಡಿದಿಡಬೇಕು. ಬಾಡಿ ನೆಲದ ಮೇಲೆ ಬೋಲ್ಟ್ ಆಗಿರುವಾಗಲೇ, ಒಂದು ಬದಿ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಬದಿಗೆ ಹೋಗಬೇಕು. ಎಡಬಲ ಒಟ್ಟಿಗೆ ಕತ್ತರಿಸಬಾರದು. ಪೂರ್ತಿ ಬೆಸೆಯುವ ಮೊದಲು ಅಲ್ಲಲ್ಲಿ ಟ್ಯಾಕ್, ಅಂದರೆ ಚುಕ್ಕಿ ಬೆಸುಗೆ ಹಾಕಿ ಬಾಗಿಲು ಹಾಕಿ ನೋಡಬೇಕು. ನಾವು ಎಷ್ಟು ಸಲ ಬಾಗಿಲು ಹಾಕಿ ತೆಗೆದೆವೋ ಲೆಕ್ಕವಿಲ್ಲ.

ಇನ್ನೆರಡು ಜಾಗ. ಹಿಂದಿನ ಸೀಟಿನ ಕೆಳಗೆ ಬಲಗಡೆ ಬ್ಯಾಟರಿ ಕೂರುತ್ತದೆ. ಅದರ ಆಸಿಡ್ ಚೆಲ್ಲಿ ಆ ಮೂಲೆಯ ನೆಲ ಜರಡಿಯಾಗಿರುವುದು ಸಾಮಾನ್ಯ. ಇನ್ನೊಂದು, ಸುರಂಗದ ಮುಂದಿನ ತುದಿಯಲ್ಲಿ ಮುಂದಿನ ಆಕ್ಸಲ್ ಬೋಲ್ಟ್ ಆಗುವ ತಲೆಭಾಗ. ನೆಲಕ್ಕೆ ಹೊಸ ತಗಡು ಹಾಕುವುದು ಸುಲಭ, ತಲೆಭಾಗ ಕೊಳೆತಿದ್ದರೆ ಖರ್ಚು ಏರುತ್ತದೆ. ಹೊಳೆಯುವ ಬಣ್ಣ ನೋಡಿ ಬೆಲೆ ಕಟ್ಟಬೇಡಿ. ಕೆಳಗೆ ಚೀಲ ಹಾಸಿಕೊಂಡು ಮಲಗಿ ನೋಡಿ.

ನಾಲ್ಕು ಬೋಲ್ಟಿನ ಎಂಜಿನ್

ಬೀಟಲ್ ಎಂಜಿನ್ ಗೇರ್‌ಬಾಕ್ಸಿಗೆ ನಾಲ್ಕೇ ಕಡೆ ಬಿಗಿದಿರುತ್ತದೆ. ಪೆಟ್ರೋಲ್ ಪೈಪು, ಆಕ್ಸಿಲರೇಟರ್ ಕೇಬಲ್, ಹೀಟರ್ ಕೇಬಲ್, ವೈರುಗಳು ಬಿಚ್ಚಿ ಜ್ಯಾಕ್ ಮೇಲೆ ಇಳಿಸಿದರೆ ಹೊರಗೆ. ಅಭ್ಯಾಸ ಇದ್ದವರಿಗೆ ಒಂದು ಗಂಟೆಯೂ ಬೇಡ. ಆದರೆ ಇಳಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಎಂಜಿನ್ ಆಫ್ ಇರುವಾಗ ಬೆಲ್ಟ್ ತಿರುಗಿಸುವ ಕೆಳಗಿನ ಕ್ರ್ಯಾಂಕ್ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೂ ಹಿಂದಕ್ಕೂ ಜಗ್ಗಿ. ಕೈಗೆ ಏನೂ ತಿಳಿಯಬಾರದು. ಟಕ್ ಟಕ್ ಎಂದು ಅಲುಗಾಡಿದರೆ ಕ್ರ್ಯಾಂಕ್‌ಶಾಫ್ಟಿನ ಉದ್ದದ ಆಟ ಹೆಚ್ಚಾಗಿದೆ ಎಂದರ್ಥ. ಇರಬೇಕಾದದ್ದು 0.07ರಿಂದ 0.13 ಮಿಲಿಮೀಟರ್, 0.15 ದಾಟಿದರೆ ಎಂಜಿನ್ ಬಿಚ್ಚಲೇಬೇಕು. ಮ್ಯಾಗ್ನೀಸಿಯಂ ಮಿಶ್ರಲೋಹದ ಕೇಸು ಬೇರಿಂಗ್ ಜಾಗದಲ್ಲಿ ಬಡಿಸಿಕೊಂಡು ಸವೆದಿದ್ದರೆ ಅದನ್ನು ಬೋರ್ ಮಾಡಿಸಬೇಕು. ಅದು ಈ ಎಂಜಿನ್ ಕಂಡಿರುವ ಲೇತ್ ಅಂಗಡಿಯ ಕೆಲಸ.

ಈಗ ಮುರಿದ ವಾಲ್ವಿನ ವಿಚಾರ. ಮೂರನೇ ಸಿಲಿಂಡರೇ ಏಕೆ? ಇದಕ್ಕೂ ಉತ್ತರ ಗಾಳಿಯಲ್ಲೇ ಇದೆ. ಆ ಕಾಲದ ಎಂಜಿನ್ನಿನಲ್ಲಿ ಆಯಿಲ್ ಕೂಲರ್ ಫ್ಯಾನ್ ಡಬ್ಬಿಯ ಒಳಗೇ, ಎಡಗಡೆಯ ಸಿಲಿಂಡರುಗಳ ದಾರಿಗೆ ಅಡ್ಡವಾಗಿ ನಿಂತಿದೆ. ಮೂರನೇ ಸಿಲಿಂಡರಿಗೆ ಸಿಗುವುದು ಬಿಸಿ ಆಯಿಲನ್ನು ಸವರಿ ಬಂದ, ಅರ್ಧ ಬಿಸಿಯಾದ ಗಾಳಿ. ಕಾರ್ಖಾನೆಯವರಿಗೂ ಇದು ಗೊತ್ತಿತ್ತು. 1971ರ ಮಾಡೆಲ್‌ನಿಂದ ಕೂಲರನ್ನು ಡಬ್ಬಿಯ ಹಿಂದಕ್ಕೆ ಸರಿಸಿ ಅದಕ್ಕೆ ಪ್ರತ್ಯೇಕ ಗೂಡು ಕಟ್ಟಿದರು. ಹಳೆಯ ಎಂಜಿನ್‌ಗೆ ಈ ನಂತರದ ಡಬ್ಬಿಯನ್ನೂ ಕೂಲರನ್ನೂ ಹಾಕಿಸುವ ಬದಲಾವಣೆಯನ್ನು ನಾನು ಒಪ್ಪುತ್ತೇನೆ, ಏಕೆಂದರೆ ಅದೇ ಕಂಪನಿ ತನ್ನದೇ ತಪ್ಪಿಗೆ ಕಂಡುಕೊಂಡ ಮದ್ದು ಅದು, ಬೇಕೆಂದಾಗ ಬಿಚ್ಚಿ ಹಳೆಯದನ್ನೇ ಹಾಕಲೂಬಹುದು. ಆದರೆ ಅದಕ್ಕೂ ಮೊದಲು ತಗಡುಗಳೆಲ್ಲ ಇರಬೇಕು. ಸಿಲಿಂಡರಿನ ಕೆಳಗೆ ಕೂರುವ, ಕಣ್ಣಿಗೇ ಬೀಳದ ಸಣ್ಣ ತಡೆತಗಡುಗಳೂ ಬೇಕು. ಅವು ಇಲ್ಲದಿದ್ದರೆ ಗಾಳಿ ರೆಕ್ಕೆಗಳ ನಡುವೆ ಸುತ್ತದೆ ನೇರ ಕೆಳಗೆ ಇಳಿದುಹೋಗುತ್ತದೆ.

ನಮ್ಮ ಕಡೆ ಸೆಕೆ, ಹೀಟರ್ ಯಾಕೆ ಎಂದು ಹೀಟ್ ಎಕ್ಸ್‌ಚೇಂಜರ್ ತೆಗೆಸುವವರು ಇದ್ದಾರೆ. ತೆಗೆಯಿರಿ, ತೊಂದರೆಯಿಲ್ಲ. ಆದರೆ ಡಬ್ಬಿಯಿಂದ ಅದಕ್ಕೆ ಹೊರಡುವ ಎರಡು ಬಾಯಿಗಳನ್ನು ಮುಚ್ಚಲೇಬೇಕು. ಮುಚ್ಚದಿದ್ದರೆ ಸಿಲಿಂಡರಿಗೆ ಸೇರಬೇಕಾದ ಗಾಳಿ ಅಲ್ಲಿಂದ ಸುಮ್ಮನೆ ಸೋರಿಹೋಗುತ್ತದೆ. ನಾನಾದರೆ ತೆಗೆಯುವುದಿಲ್ಲ. ಮಲೆನಾಡಿನ ಜುಲೈ ತಿಂಗಳಲ್ಲಿ ಮುಂದಿನ ಗಾಜು ಮಂಜಾದಾಗ ಅದನ್ನು ಬಿಡಿಸಲು ಬೀಟಲ್‌ನಲ್ಲಿ ಬೇರೆ ದಾರಿಯಿಲ್ಲ.

ಫ್ಯಾನ್ ಇರುವುದು ಡೈನಮೊ ತುದಿಯಲ್ಲಿ ಎಂದೆನಲ್ಲ, ಅದಕ್ಕೆ ಇನ್ನೊಂದು ಅರ್ಥವಿದೆ. ಬೇರೆ ಗಾಡಿಗಳಲ್ಲಿ ಚಾರ್ಜಿಂಗ್‌ನ ಕೆಂಪು ದೀಪ ಹತ್ತಿದರೆ ಮನೆವರೆಗೆ ಹೇಗೋ ಹೋಗಬಹುದು. ಬೀಟಲ್‌ನಲ್ಲಿ ಆ ದೀಪ ಹತ್ತಿದರೆ ಬೆಲ್ಟ್ ಹರಿದಿರಬಹುದು, ಬೆಲ್ಟ್ ಹರಿದರೆ ಫ್ಯಾನೂ ನಿಂತಿದೆ. ಆ ಕ್ಷಣವೇ ಬದಿಗೆ ನಿಲ್ಲಿಸಿ. ಡಿಕ್ಕಿಯಲ್ಲಿ ಒಂದು ಬೆಲ್ಟೂ ಒಂದು ಸ್ಪ್ಯಾನರೂ ಇದ್ದರೆ ರಸ್ತೆ ಬದಿಯಲ್ಲೇ ಹಾಕಿಕೊಳ್ಳಬಹುದು. ಬಿಗಿತ ಸರಿಮಾಡುವುದು ಡೈನಮೊ ಪುಲ್ಲಿಯ ಎರಡು ತಟ್ಟೆಗಳ ನಡುವೆ ಇರುವ ತೆಳು ವಾಷರುಗಳಿಂದ. ನಡುವಿನ ಒಂದನ್ನು ತೆಗೆದು ಹೊರಗೆ ಹಾಕಿದರೆ ಬೆಲ್ಟ್ ಬಿಗಿಯಾಗುತ್ತದೆ.

ಆಯಿಲ್ ಬರೀ ಎರಡೂವರೆ ಲೀಟರ್. ಕಾಗದದ ಫಿಲ್ಟರ್ ಇಲ್ಲ, ಅಡಿಯಲ್ಲೊಂದು ಜಾಲರಿ ಅಷ್ಟೆ. ಹಾಗಾಗಿ 5,000 ಕಿಲೋಮೀಟರಿಗೆ ಬದಲಿಸುವುದನ್ನು ತಪ್ಪಿಸಬೇಡಿ. ಸ್ಪಾರ್ಕ್ ಪ್ಲಗ್‌ಗೆ ದೂರ ಹೋಗಬೇಕಿಲ್ಲ. 1951ರಲ್ಲಿ ಶುರುವಾದ ಮೈಕೋ ಕಂಪನಿಯ ಮೂಲಕ ಜರ್ಮನಿಯ ಬಾಷ್ ಪ್ಲಗ್ ನಮ್ಮ ಬೆಂಗಳೂರಿನ ಆಡುಗೋಡಿಗೇ ಬಂದು ದಶಕಗಳೇ ಆಗಿವೆ.

ಪೆಟ್ರೋಲಿನ ವಿಷಯ ಮಾತ್ರ ಸ್ವಲ್ಪ ನಿಧಾನವಾಗಿ ಓದಿ, ಇದು ಪ್ರಾಣದ ಪ್ರಶ್ನೆ. ಟ್ಯಾಂಕ್ ಮುಂದಿದೆ, ಎಂಜಿನ್ ಹಿಂದಿದೆ, ನಡುವೆ ಅಲ್ಲಲ್ಲಿ ರಬ್ಬರ್ ಪೈಪು. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಅದು ಹಳೆಯ ಕಾಲದ ರಬ್ಬರನ್ನು ಮೆತ್ತಗಾಗಿಸಿ ಬಿರುಕು ಬಿಡಿಸುತ್ತದೆ. ಕಾರ್ಬೊರೇಟರಿಗೆ ಪೆಟ್ರೋಲ್ ತರುವ ಸಣ್ಣ ಹಿತ್ತಾಳೆ ನಳಿಕೆ ಒತ್ತಿ ಕೂರಿಸಿದ್ದಷ್ಟೇ, ವರ್ಷಗಳ ಕಂಪನಕ್ಕೆ ಸಡಿಲಾಗಿ ಕಳಚಿಕೊಳ್ಳಬಹುದು. ಅದು ಕಳಚಿದರೆ ಪೆಟ್ರೋಲ್ ಸುರಿಯುವುದು ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ, ಬಿಸಿ ಎಂಜಿನ್ ಮೇಲೆ. ಬೀಟಲ್‌ಗಳಿಗೆ ಬೆಂಕಿ ಬೀಳಲು ಇದೊಂದು ಮುಖ್ಯ ಕಾರಣ. ನಳಿಕೆಯನ್ನು ಬೆರಳಲ್ಲಿ ತಿರುಗಿಸಿ ನೋಡಿ, ತಿರುಗಿದರೆ ಕಿತ್ತು ಚೂಡಿ ಕೊರೆಸಿ ಮತ್ತೆ ಬಿಗಿಸಿ. ಪೈಪುಗಳನ್ನು ಎಥನಾಲ್ ತಡೆಯುವ ಗುಣಮಟ್ಟದವಕ್ಕೆ ಬದಲಿಸಿ, ಪ್ರತಿ ತುದಿಗೂ ಕ್ಲಿಪ್ ಹಾಕಿ. ಎಂಜಿನ್ ಗೂಡಿನಲ್ಲಿ ಪ್ಲಾಸ್ಟಿಕ್ ಫಿಲ್ಟರ್ ನೇತುಹಾಕುವ ಅಭ್ಯಾಸ ಎಲ್ಲೆಡೆ ಇದೆ. ಅದರ ಜಾಗ ಮುಂದೆ, ಟ್ಯಾಂಕಿನ ಕೆಳಗೆ. ಬಣ್ಣಕ್ಕೆ ಲಕ್ಷ ಸುರಿದು ಪೈಪಿನಲ್ಲಿ ಉಳಿತಾಯ ಮಾಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ವಿದ್ಯುತ್ ಬಗ್ಗೆ ಎರಡು ಮಾತು. ಮಾವನ ಕಾರು 6 ವೋಲ್ಟಿನದು. ವೋಲ್ಟ್ ಅರ್ಧವಾದರೆ ಅದೇ ದೀಪಕ್ಕೆ ಕರೆಂಟ್ ಎರಡು ಪಟ್ಟು ಬೇಕು. 35 ವ್ಯಾಟಿನ ಬಲ್ಬಿಗೆ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಸಾಕು, 6 ವೋಲ್ಟಿನಲ್ಲಿ 6 ಆಂಪಿಯರ್. ಕಿಲುಬು ಹಿಡಿದ ಜೋಡಣೆಯಲ್ಲಿ ಅಷ್ಟು ಕರೆಂಟ್ ಹರಿಯುವಾಗ ವೋಲ್ಟ್ ನಷ್ಟ ಹೆಚ್ಚು, ಅದಕ್ಕೇ ದೀಪ ಹಣತೆಯಷ್ಟು ಮಂದ. 12 ವೋಲ್ಟ್ ಮಾಡಿಸುವ ಮೊದಲು ಅರ್ತಿಂಗ್ ಜಾಗಗಳನ್ನೆಲ್ಲ ಉಜ್ಜಿ, ದಪ್ಪ ಬ್ಯಾಟರಿ ಕೇಬಲ್ ಹಾಕಿ, ಹೆಡ್‌ಲೈಟಿಗೆ ರಿಲೇ ಕೊಟ್ಟು ನೋಡಿ. ನಮಗೆ ಅಷ್ಟೇ ಸಾಕಾಯಿತು.

ಬದಲಾವಣೆ ಎಷ್ಟು, ಅಲಂಕಾರ ಎಷ್ಟು

ಬೀಟಲ್ ಬದಲಿಸುವ ಹುಚ್ಚು ಕಾರಿನಷ್ಟೇ ಹಳೆಯದು. ಜರ್ಮನಿಯಲ್ಲಿ 1950ರ ದಶಕದಲ್ಲೇ ಒಕ್ರಾಸಾ ಹೆಸರಿನ ಕಿಟ್ ಹಾಕಿಸಿ ಎರಡು ಕಾರ್ಬೊರೇಟರಿನ ಬೀಟಲ್ ಓಡಿಸುತ್ತಿದ್ದರು. ಕ್ಯಾಲಿಫೋರ್ನಿಯಾದ ಆರೆಂಜ್ ಕೌಂಟಿಯ ಹುಡುಗರು ಮುಂಭಾಗ ತಗ್ಗಿಸಿ, ಕ್ರೋಮ್ ಪಟ್ಟಿಗಳನ್ನು ಕಿತ್ತು, ಎಂಜಿನ್ ಬಲಪಡಿಸಿ ಕ್ಯಾಲ್ ಲುಕ್ ಎಂಬ ಶೈಲಿಯನ್ನೇ ಹುಟ್ಟಿಸಿದರು. ಅದೇ ಸೀಮೆಯ ಬ್ರೂಸ್ ಮೇಯರ್ಸ್ 1964ರಲ್ಲಿ ಬೀಟಲ್ ಯಂತ್ರಭಾಗಗಳಿಗೆ ಫೈಬರ್‌ಗ್ಲಾಸ್ ಬಾಡಿ ತೊಡಿಸಿ ಮರಳಿನ ಮೇಲೆ ಓಡುವ ಬಗ್ಗಿ ಮಾಡಿದ. ಇವೆಲ್ಲವೂ ಈಗ ಬೀಟಲ್ ಚರಿತ್ರೆಯ ಭಾಗ. ಆದ್ದರಿಂದ ಬದಲಿಸುವುದೇ ತಪ್ಪು ಎನ್ನುವವನು ನಾನಲ್ಲ.

ತಗ್ಗಿಸುವ ಕೆಲಸದಲ್ಲಿ ಈ ಕಾರಿನ ಅತ್ಯಂತ ಜಾಣ ಲೆಕ್ಕ ಅಡಗಿದೆ. ಹಿಂದಿನ ಚಕ್ರಗಳಿಗೆ ಪಟ್ಟಿ ಸ್ಪ್ರಿಂಗೂ ಇಲ್ಲ, ಸುರುಳಿ ಸ್ಪ್ರಿಂಗೂ ಇಲ್ಲ. ಅಡ್ಡವಾಗಿ ಮಲಗಿದ ಉಕ್ಕಿನ ಸರಳು ತಿರುಚಿಕೊಂಡೇ ಸ್ಪ್ರಿಂಗ್ ಆಗುತ್ತದೆ, ಅದೇ ಟಾರ್ಷನ್ ಬಾರ್. ಅದರ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44 ಹಲ್ಲು. ಒಳಗೆ ಒಂದು ಹಲ್ಲು ತಿರುಗಿಸಿದರೆ 9 ಡಿಗ್ರಿ, ಹೊರಗೆ ಒಂದು ಹಲ್ಲಿಗೆ 8.2 ಡಿಗ್ರಿಯಷ್ಟು. ಹೊರಗಿನ ಒಂದೇ ಹಲ್ಲು ಬದಲಿಸಿದರೆ ಕಾರು ಎರಡು ಇಂಚಿನ ಆಸುಪಾಸು ಇಳಿಯುತ್ತದೆ. ಅಷ್ಟು ಬೇಡವೇ? ಒಳಗೆ ಒಂದು ಹಲ್ಲು ಒಂದು ದಿಕ್ಕಿಗೆ, ಹೊರಗೆ ಒಂದು ಹಲ್ಲು ಎದುರು ದಿಕ್ಕಿಗೆ ತಿರುಗಿಸಿ. ಉಳಿಯುವ ವ್ಯತ್ಯಾಸ 0.8 ಡಿಗ್ರಿ, ಎತ್ತರದಲ್ಲಿ ಅರ್ಧ ಸೆಂಟಿಮೀಟರಿನಷ್ಟು. ಎರಡು ಒರಟು ಅಳತೆಗಳನ್ನು ಎದುರುಬದುರು ಇಟ್ಟು ಒಂದು ಸೂಕ್ಷ್ಮ ಅಳತೆ ತೆಗೆದಿದ್ದಾರೆ. ಶಾಲೆಯ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ ನೆನಪಾಗುತ್ತದೆ. ಆದರೆ ಈ ಕೆಲಸ ಬಲ್ಲವರು ಜೊತೆಗಿರಲಿ. ಸರಳಿನ ಹೊರತುದಿಗೆ ಸಿಕ್ಕಿಸಿದ, ಬಿಗಿತದಲ್ಲಿರುವ ಉಕ್ಕಿನ ಪಟ್ಟಿ ತನ್ನ ತಡೆಯಿಂದ ಜಾರಿದರೆ ಕಾಲು ಮುರಿಯುವಷ್ಟು ಜೋರಾಗಿ ಹೊಡೆಯುತ್ತದೆ. ಮತ್ತೆ, ನಮ್ಮ ರಸ್ತೆ ಉಬ್ಬುಗಳನ್ನು ಒಮ್ಮೆ ನೆನೆಸಿಕೊಳ್ಳಿ. ಕಾರಿನ ಅಡಿಯಲ್ಲಿ ಮೊದಲು ತಾಗುವುದು ಯಾವುದು ಎಂದು ನೋಡಿದ ಮೇಲೆ ನಾವು ಕಾರ್ಖಾನೆಯ ಎತ್ತರಕ್ಕೇ ನಿಂತೆವು.

ಅಲಂಕಾರದ ಸಾಮಾನುಗಳಲ್ಲಿ ನನಗೆ ಇಷ್ಟವಾದದ್ದು ಆ ಕಾಲದ್ದೇ ಆದವು. ಡ್ಯಾಷ್‌ಬೋರ್ಡಿಗೆ ಸಿಕ್ಕಿಸುವ ಪಿಂಗಾಣಿ ಹೂದಾನಿ, ಅದರ ಕೆಳಗೆ ಬಿದಿರಿನ ತಟ್ಟೆ, ಹೆಡ್‌ಲೈಟಿನ ಮೇಲೆ ರೆಪ್ಪೆಯಂಥ ಕ್ರೋಮ್ ಪಟ್ಟಿ, ಮರದ ಪಟ್ಟಿಗಳ ರೂಫ್ ರ‍್ಯಾಕ್. ಹಾಜೆಟ್ ಕಂಪನಿ ಸ್ಟೆಪ್ನಿ ಚಕ್ರದ ನಡುವಿನ ಗುಂಡಿಯಲ್ಲೇ ಕೂರುವ ದುಂಡನೆಯ ಟೂಲ್ ಪೆಟ್ಟಿಗೆ ಮಾಡುತ್ತಿತ್ತು, ಅದಕ್ಕೆ ಇಂದು ಸಂಗ್ರಹಕಾರರು ಕೊಡುವ ಬೆಲೆ ಕೇಳಿದರೆ ಬೆವರು ಬರುತ್ತದೆ. ಸ್ಟೆಪ್ನಿಗೆ ಇನ್ನೊಂದು ಕೆಲಸವೂ ಇದೆ: ಗಾಜು ತೊಳೆಯುವ ನೀರನ್ನು ಚಿಮ್ಮಿಸುವುದು ಅದರ ಗಾಳಿಯ ಒತ್ತಡವೇ. ಇಲ್ಲಿಯೂ ಗಾಳಿ! ಅನೇಕರು ಆ ಸಣ್ಣ ಪೈಪು ಏನೆಂದು ತಿಳಿಯದೆ ಕತ್ತರಿಸಿ ಎಲೆಕ್ಟ್ರಿಕ್ ಮೋಟರ್ ಹಾಕಿಸುತ್ತಾರೆ.

ಬೇಡ ಎನ್ನುವವೂ ಇವೆ. ಹಿಂದಿನ ಮುಚ್ಚಳ ಸ್ವಲ್ಪ ತೆರೆದೇ ಇರುವಂತೆ ಮಾಡುವ ಕ್ಲಾಂಪುಗಳು ಗಾಳಿ ಹೆಚ್ಚು ಕೊಡುತ್ತವೆ ಎಂದು ಮಾರುತ್ತಾರೆ. ತಗಡೂ ರಬ್ಬರೂ ಸರಿಯಾಗಿರುವ ಸಾಮಾನ್ಯ ಎಂಜಿನ್‌ಗೆ ಅದರ ಅಗತ್ಯವಿಲ್ಲ. ಕ್ರೋಮ್ ಮಾಡಿದ ಅಗ್ಗದ ಎಂಜಿನ್ ತಗಡುಗಳು ಹೊಳೆಯುತ್ತವೆ, ಆದರೆ ಅಂಚುಗಳು ಕೂರುವುದಿಲ್ಲ. ಹಳೆಯ ಕಾರ್ಖಾನೆ ತಗಡನ್ನೇ ತೊಳೆದು ಕಪ್ಪು ಬಣ್ಣ ಹೊಡೆಯಿರಿ. ಅದೇ ಹಣದಲ್ಲಿ ಆಯಿಲ್ ಬಿಸಿ ತೋರಿಸುವ ಒಂದು ಮೀಟರ್ ಹಾಕಿಸಿ. ಹಾಡು ಬೇಕಿದ್ದರೆ ಹಳೆಯ ಬ್ಲೌಪುಂಕ್ಟ್ ರೇಡಿಯೊದ ಮುಖ ಹಾಗೇ ಇಟ್ಟು ಒಳಗೆ ಬ್ಲೂಟೂತ್ ಕೂರಿಸುವವರಿದ್ದಾರೆ, ಡ್ಯಾಷ್‌ಬೋರ್ಡನ್ನು ಮಾತ್ರ ಕತ್ತರಿಸಬೇಡಿ. ನನ್ನ ಕಟ್ಟುಪಾಡು ಒಂದೇ: ಬೋಲ್ಟ್ ಹಾಕಿ ಕೂರಿಸಿದ್ದನ್ನು ಮುಂದಿನವರು ಬಿಚ್ಚಬಹುದು, ಕತ್ತರಿಸಿದ್ದನ್ನು ಸೇರಿಸಲಾಗದು. ಸೀಟ್ ಬೆಲ್ಟಿಗೆ ಈ ಮಾತು ಅನ್ವಯಿಸುವುದಿಲ್ಲ. ಅದನ್ನು ಹಾಕಿಸಿಯೇ ತೀರಬೇಕು.

ಕಾನೂನೂ ಇದೇ ದಿಕ್ಕಿನಲ್ಲಿದೆ. ಜರ್ಮನಿಯಲ್ಲಿ 1997ರಿಂದ, 30 ವರ್ಷ ದಾಟಿ ಮೂಲರೂಪ ಉಳಿಸಿಕೊಂಡ ಕಾರಿಗೆ ನಂಬರ್ ಪ್ಲೇಟಿನ ಕೊನೆಗೆ ಎಚ್ ಅಕ್ಷರ ಸಿಗುತ್ತದೆ, ತೆರಿಗೆಯೂ ಒಂದೇ ದರ. ನಮ್ಮಲ್ಲಿ 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗದ ಗಾಡಿಗೆ ವಿಂಟೇಜ್ ನೋಂದಣಿ. ರಾಜ್ಯದ ಅಕ್ಷರಗಳ ನಂತರ ವಿಎ ಎಂಬ ಗುರುತು, ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನವೀಕರಣಕ್ಕೆ 5,000. ಪ್ರದರ್ಶನ, ರ‍್ಯಾಲಿ, ರಿಪೇರಿಗೆ ಓಡಿಸಬಹುದು, ದಿನನಿತ್ಯದ ಓಡಾಟಕ್ಕಲ್ಲ. ಬೇರೆ ಕಂಪನಿಯ ಎಂಜಿನ್ ತುರುಕಿಸುವ ಆಸೆ ಇರುವವರು ಇದನ್ನು ಮೊದಲೇ ಓದಿಕೊಳ್ಳಲಿ. ಕಣ್ತುಂಬ ಹಳೆಯ ಕಾರುಗಳನ್ನು ಒಟ್ಟಿಗೆ ನೋಡಬೇಕೆಂದರೆ ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋಗಿಬನ್ನಿ. ಕಾರ್ಖಾನೆ ಕೊಟ್ಟ ರೂಪ ಎಂದರೇನು ಎಂಬುದು ಚಿತ್ರದಲ್ಲಿ ತಿಳಿಯುವುದಿಲ್ಲ.

ನಮ್ಮ ಕಾರಿಗೆ ಕೊನೆಯಲ್ಲಿ ಹಾಕಿದ್ದು ಬಾಗಿಲಿನ ರಬ್ಬರ್ ಬೀಡಿಂಗ್. ಬಣ್ಣ ಮುಗಿದಿತ್ತು, ಮುತ್ತಿನ ಬಿಳಿ. ಮಾವ ಒಳಗೆ ಕೂತು ಬಾಗಿಲು ಎಳೆದರು, ಹಾಕಿಕೊಳ್ಳಲಿಲ್ಲ. ಮತ್ತೆ ಎಳೆದರು, ಬಾಗಿಲು ಬಂದಷ್ಟೇ ಮೆತ್ತಗೆ ಹಿಂದಕ್ಕೆ ಸರಿಯಿತು. ಎಲ್ಲರ ಮುಖವೂ ಚಿಕ್ಕದಾಯಿತು, ಚಾನೆಲ್ ಬೆಸುಗೆ ಮತ್ತೆ ಕೈಕೊಟ್ಟಿತೇ ಎಂದು. ಮೇಸ್ತ್ರಿ ಮಾತ್ರ ನಗುತ್ತ, “ಯಜಮಾನ್ರೇ, ಗ್ಲಾಸ್ ಒಂಚೂರು ಇಳ್ಸಿ” ಎಂದರು. ಮಾವ ಎರಡು ಬೆರಳಿನಷ್ಟು ಗಾಜು ಇಳಿಸಿ ಬಾಗಿಲು ಎಳೆದರು. ಟಪ್ ಎಂದು ಕೂತಿತು. ಒಳಗಿನ ಗಾಳಿಗೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ, ಕಾರು ಅಷ್ಟು ಬಿಗಿಯಾಗಿತ್ತು.